ಮಾವನ ಒಣ ಬರ್ಫ, ಅತ್ತಿಯ ಸೀತನಿ

ಬೆಂಕಿಯಿಂದ ಕೈ ಸುಟ್ಟುಕೊಂಡವರು ಊರಿಗೆ ನೂರು ಮಂದಿ ಸಿಗುತ್ತಾರೆ. ಬರ್ಫದಿಂದ ಕೈ ಸುಟ್ಟುಕೊಂಡವನು ನಮ್ಮ ಕುಂದಗೋಳ ತಾಲೂಕಿಗೆಲ್ಲ ಒಬ್ಬನೇ ಒಬ್ಬ. ಅವನು ನಮ್ಮ ಸೋದರಮಾವ! ಸುಟ್ಟುಕೊಂಡು ಸುಮ್ಮನಿದ್ದನೇ? ಇಲ್ಲ. ಆ ಬೆರಳುಗಳನ್ನು ಕುಸ್ತಿಯಲ್ಲಿ ಗೆದ್ದ ಬೆಳ್ಳಿ ಕಡಗದ ಹಾಗೆ ಮೇಲೆತ್ತಿ, ಮದುವೆ ಮನೆಗಳಲ್ಲಿ ತೋರಿಸುತ್ತ ತಿರುಗಿದ. "ನೋಡ್ರಿ, ಇದು ಬೆಂಕಿ ಸುಟ್ಟದ್ದಲ್ಲ, ತಂಪು ಸುಟ್ಟದ್ದು" ಎಂದು ಅವನು ಹೇಳುವಾಗ ಅವನ ಮುಖ ನೋಡಬೇಕಿತ್ತು ನೀವು.

ಮಾವನನ್ನು ಏಕವಚನದಲ್ಲಿ ಬರೆಯುತ್ತಿದ್ದೇನೆಂದು ಯಾರೂ ತಪ್ಪು ತಿಳಿಯಬಾರದು. ನಮ್ಮ ಮನೆಯಲ್ಲಿ ಯಾರನ್ನಾದರೂ ಒಮ್ಮೆಲೇ "ನೀವು" ಎಂದು ಕರೆದರೆ ಹೊಲದ ಬದುವಿನ ಜಗಳ ಶುರುವಾಗಿದೆ ಎಂದೇ ಅರ್ಥ. ಅಂಥ ಜಗಳ ನಮ್ಮಿಬ್ಬರ ನಡುವೆ ಬಂದಿಲ್ಲ. ಈ ಮನುಷ್ಯ ಒಂದು ಗಡಿಗೆ ಜೋಳದ ಜೀವ ಉಳಿಸಲಿಕ್ಕೆ ಪಟ್ಟ ಪಾಡನ್ನು ಹೇಳಲು ಕುಳಿತಿದ್ದೇನೆ. ನಗುವ ಜಾಗ ಮೊದಲಿಗೇ ಬಹಳ ಇವೆ. ಅಲ್ಲೇ ಹೊಟ್ಟೆ ತುಂಬ ನಕ್ಕುಬಿಡಿರಿ.

ನಾನು ಏಳನೇ ಇಯತ್ತೆಗೆ ಸಾಲಿ ಬಿಟ್ಟವನು. ಬಿಟ್ಟ ಮರುದಿನವೇ ಪೆಂಡಾಲ ಹಾಕುವವರ ಹಿಂದೆ ಬಿದಿರು ಹೊತ್ತೆ. ಇವತ್ತು ಸಂಶಿಯಲ್ಲಿ ನನ್ನದೇ ಪೆಂಡಾಲದ ಧಂದೆ ಇದೆ. ಸುತ್ತ ಹತ್ತೂರಿನ ಮದುವೆಗಳಿಗೆ ನಾನು ನೆಟ್ಟ ಕಂಬ ಗಾಳಿಗೆ ಬಿತ್ತು ಎಂದು ಯಾರೂ ಹೇಳುವ ಹಾಗಿಲ್ಲ. ಇದನ್ನು ಜಂಬ ಎಂದುಕೊಂಡರೆ ಅಡ್ಡಿಯಿಲ್ಲ, ದುಡಿದವನಿಗೆ ಒಂದಿಷ್ಟು ಜಂಬ ಇರಬೇಕು.

ಆದರೆ ಕಂಬ ಗಟ್ಟಿ ಇದ್ದರೆ ಸಾಕು ಎನ್ನುವ ಕಾಲ ಹೋಯಿತು. ಈಗ ಮದುಮಕ್ಕಳು ಮೋಡದ ಮೇಲೆ ನಡೆದು ಬರಬೇಕು! ಮೊಬೈಲಿನಲ್ಲಿ ನೋಡಿ ಬಂದು ಕೇಳುತ್ತಾರೆ: "ಅಣ್ಣಾರ, ಹುಡುಗ ಹುಡುಗಿ ಬರೂಮುಂದ ಕಾಲಾಗ ಬಿಳಿ ಮಾಡ ಹರದಾಡಬೇಕು ನೋಡ್ರಿ." ಮೋಡ ತರಲು ಹುಬ್ಬಳ್ಳಿಗೆ ಹೋಗಬೇಕು. ಅಲ್ಲಿ ಥರ್ಮೊಕೋಲ್ ಪೆಟ್ಟಿಗೆಯಲ್ಲಿ ಡ್ರೈ ಐಸ್, ಅಂದರೆ ಒಣ ಬರ್ಫ, ಸಿಗುತ್ತದೆ. ಅದನ್ನು ತಂದು, ಕುದಿಯುವ ನೀರಿನ ಡ್ರಮ್ಮಿನಲ್ಲಿ ಇಳಿಬಿಟ್ಟರೆ ಭುಸ್ಸೆಂದು ಬಿಳಿ ಹೊಗೆ ಎದ್ದು ನೆಲದ ಮೇಲೆ ತೆವಳುತ್ತದೆ. ಈ ಕೆಲಸಕ್ಕೆ ನನಗೊಬ್ಬ ನಂಬಿಕೆಯ ಮನುಷ್ಯ ಬೇಕಿತ್ತು. ಕುಬಿಹಾಳದಲ್ಲಿ ಇದ್ದಬದ್ದ ಹೊಲ ಮಾಡಿಕೊಂಡು, ಉಳಿದ ವೇಳೆಯಲ್ಲಿ ಊರಿನ ಮೋಟರು, ರೇಡಿಯೊ, ಗಡಿಯಾರಗಳನ್ನು ಬಿಚ್ಚಿ ಮರಳಿ ಜೋಡಿಸಲಾಗದೆ ಕೂತಿದ್ದ ಮಾವ, "ನಾ ಬರ್ತೀನಿ" ಎಂದ.

ಮೊದಲ ದಿನವೇ ಕಾರಖಾನೆಯವ ರಬ್ಬರಿನ ದಪ್ಪ ಕೈಗವಸು ಕೊಟ್ಟು, "ಬರೀ ಕೈಲೆ ಮುಟ್ಟಬ್ಯಾಡ್ರಿ ಕಾಕಾ, ಇದು ಸಾದಾ ಐಸ್ ಅಲ್ಲ. ಸೊನ್ನಿಗಿಂತ ಎಪ್ಪತ್ತೆಂಟು ಡಿಗ್ರಿ ಕೆಳಗ ಐತಿ" ಎಂದ. ಸೊನ್ನೆಯ ಕೆಳಗೆ ಏನಿದ್ದೀತು? ಮಾವನಿಗೆ ನಂಬಿಕೆ ಬರಲಿಲ್ಲ. ಒಂದು ತುಂಡನ್ನು ಬರೀ ಅಂಗೈ ಮೇಲೆ ಇಟ್ಟುಕೊಂಡು ಬಿಗಿಯಾಗಿ ಹಿಡಿದ. ಮುಂದಿನ ಮಾತು ಇಲ್ಲಿ ಬರೆಯುವಂಥದ್ದಲ್ಲ! ಬೆರಳ ತುದಿಗಳು ಹಾಲಿನ ಕೆನೆಯ ಹಾಗೆ ಬೆಳ್ಳಗಾಗಿ, ಆಮೇಲೆ ಬೊಬ್ಬೆ ಎದ್ದವು. ಮನೆಗೆ ಹೋದರೆ ಅವನ ಹೆಂಡತಿ, ನಮ್ಮ ಅತ್ತಿ, ಕೈ ಹಿಡಿದು ನೋಡಿದಳು.

"ಏನ್ ಸುಟ್ಟತ್ರಿ?"

"ಬರ್ಫ."

"ಬರ್ಫ ಸುಡತೈತೇನ್ರಿ?"

"ಸುಟ್ಟೈತಲ್ಲ ಬೇ, ಕಾಣೂದಿಲ್ಲೇನು?"

ಅತ್ತಿ ಒಂದು ಗಳಿಗೆ ಯೋಚಿಸಿ, "ಬೆಂಕಿ ಸುಟ್ರ ತಂಪು ಹಚ್ತಾರ. ತಂಪು ಸುಟ್ರ ಏನ್ ಹಚ್ಚಲಿ? ಒಲಿಯಾಗ ಕೈ ಇಡ್ರಿ" ಎಂದಳು. ಎಂದವಳೇ ಒಳಗೆ ಹೋಗಿ ಬೆಣ್ಣೆ ತಂದು ಹಚ್ಚಿದಳು. ಆ ಬೆರಳ ತುದಿಗಳ ಚರ್ಮ ಸುಲಿದು ಹೊಸದು ಬಂದರೂ ಅವಕ್ಕೆ ಮೊದಲಿನ ಅರಿವು ಮರಳಿ ಬರಲಿಲ್ಲ. ಬಿಸಿ ಚಹಾದ ಲೋಟವನ್ನು ಮಾವ ಆರಾಮ ಹಿಡಿಯುತ್ತಿದ್ದ, ತುಟಿ ಸುಟ್ಟ ಮೇಲೆಯೇ ಅದು ಬಿಸಿ ಎಂದು ಅವನಿಗೆ ತಿಳಿಯುತ್ತಿತ್ತು.

ಇನ್ನು ಕಳವಿನ ಪ್ರಕರಣ. ಒಂದು ಮದುವೆಗೆ ಹಿಂದಿನ ದಿನವೇ ಡ್ರೈ ಐಸ್ ತರಬೇಕಾಯಿತು. ಥರ್ಮೊಕೋಲ್ ಪೆಟ್ಟಿಗೆ ಒಡೆದಿತ್ತು. ಮಾವ ಅತ್ತಿಯ ತವರಿನ ಟ್ರಂಕಿನಿಂದ ಸೀರೆಗಳನ್ನು ಹೊರಗೆ ಹಾಕಿ, ಗಡ್ಡೆಯನ್ನು ಒಳಗಿಟ್ಟು, ಕೀಲಿ ಜಡಿದು, ಕೀಲಿಕೈ ಉಡದಾರಕ್ಕೆ ಕಟ್ಟಿಕೊಂಡ. ಬೆಳಿಗ್ಗೆ ತೆಗೆದು ನೋಡಿದರೆ ಖಾಲಿ! ಐಸ್ ಕರಗಿದರೆ ನೀರಾದರೂ ಇರಬೇಕಲ್ಲ? ಟ್ರಂಕು ಅಗದಿ ಒಣಗಿತ್ತು. ಅಂದಮೇಲೆ ಕಳವು! ಬಾಜು ಮನೆಯ ಕುರಿಗಾರ ಹಿರಿಯನ ಮೇಲೆ ಮಾವನ ಅನುಮಾನ. ಕಾರಣವೇನು? ಹಿಂದಿನ ಸಂಜೆ ಆತ ಪೆಟ್ಟಿಗೆಯಲ್ಲಿ ಇಣುಕಿ "ಭಾಳ ಚಲೋ ಐತಿ" ಎಂದಿದ್ದನಂತೆ! ಹನುಮಪ್ಪನ ಗುಡಿಯ ಕಟ್ಟೆಯ ಮೇಲೆ ಹಿರಿಯರು ಕೂಡಿದರು.

"ಕೀಲಿ ಒಡದಿತ್ತೇನು?" ಒಬ್ಬರು ಕೇಳಿದರು.

"ಇಲ್ರಿ."

"ಕೀಲಿಕೈ ಯಾರ ಕಡೆ ಇತ್ತು?"

"ನನ್ನ ಉಡದಾರದಾಗ."

ಕುರಿಗಾರ ತಡೆಯದೆ ಕೂಗಿದ: "ಕದ್ದ ಬರ್ಫ ನಾ ಎಲ್ಲಿ ಇಟ್ಟೇನ್ಲೇ, ಬಗಲಾಗ? ಕಂಬಳ್ಯಾಗ ಸುತ್ತಿ ಕುರಿಗೆ ತಿನ್ನಿಸಿದ್ನೇನು? ಹುಚ್ಚ ಸೂಳೀಮಗನ!"

ಮೂಲೆಯಲ್ಲಿ ಸೆರಗು ಹೊದ್ದು ನಿಂತಿದ್ದ ಅತ್ತಿ ಸಣ್ಣ ದನಿಯಲ್ಲಿ, "ದೇವರ ಜಗಲಿ ಮ್ಯಾಲೆ ಕರ್ಪೂರದ ಚೀಟಿ ಬಿಚ್ಚಿ ಇಟ್ರ ನಾಲ್ಕ ದಿನಕ್ಕ ಏನಾಗತೈತ್ರಿ? ಯಾರರ ಕದೀತಾರೇನು? ಇದೂ ಕರ್ಪೂರದ ಜಾತಿದ ಇರಬೇಕು" ಎಂದಳು. ನಿಜ ಅದೇ ಆಗಿತ್ತು. ನಾವು ಬಾಯಿಂದ ಬಿಡುವ ಉಸಿರಿನಲ್ಲಿ, ಸೋಡಾದ ಗುಳ್ಳೆಯಲ್ಲಿ ಇರುವ ಗಾಳಿಯೇ ಗಟ್ಟಿಯಾಗಿ ಡ್ರೈ ಐಸ್ ಆಗಿರುತ್ತದೆ. ಅದು ನೀರಾಗದೆ ನೆಟ್ಟಗೆ ಗಾಳಿಯಾಗಿ ಹೋಗುತ್ತದೆ. ಹಿಂದೆ ಏನೂ ಉಳಿಯುವುದಿಲ್ಲ. ಮಾವ ಕುರಿಗಾರನಿಗೆ ಎಲೆ ಅಡಿಕೆ ಕೊಟ್ಟು ತಪ್ಪೊಪ್ಪಿಕೊಂಡ. ಕುರಿಗಾರ ಎಲೆ ಹಾಕಿಕೊಳ್ಳುತ್ತ, "ಇನ್ನ ಮ್ಯಾಲೆ ನಿಮ್ಮ ಮನ್ಯಾಗ ಗಾಳಿ ಬೀಸಿದ್ರೂ ನನ್ನ ಮ್ಯಾಲೆ ಬರತೈತಿ" ಎಂದ.

ಅಷ್ಟಾದರೂ ಬುದ್ಧಿ ಬಂತೇ? ಅತ್ತಿ ಒಂದು ಮದುವೆಯ ಹೊಗೆಯನ್ನೂ ನೋಡಿರಲಿಲ್ಲ. ದನ, ಹೊಲ, ರೊಟ್ಟಿ ಬಿಟ್ಟು ಅವಳು ಬರುವುದಾದರೂ ಹೇಗೆ? "ಅದೇನ್ ಮಾಡ ಅಂತ ಹೇಳ್ತೀರಿ, ನನಗೂ ಒಂದಿನ ತೋರಸ್ರಿ" ಎಂದು ಬಾಯಿಬಿಟ್ಟು ಕೇಳಿದ್ದಳು. ಮಾವ ಸಂಶಿಯಿಂದ ಒಂದು ತುಂಡನ್ನು, ತಿರುವಿ ಮುಚ್ಚುವ ಸ್ಟೀಲ್ ಡಬ್ಬಿಯಲ್ಲಿ ಹಾಕಿಕೊಂಡು ಬಸ್ಸು ಹತ್ತಿದ. ಹಾರಿಹೋಗುವ ವಸ್ತು, ಹೌದಲ್ಲ? ಹಾರಬಾರದು ಎಂದು ಶಕ್ತಿ ಹಾಕಿ ಬಿಗಿದ! ಗಾಳಿಯಾಗುವುದನ್ನು ಕಟ್ಟಿ ಹಾಕಿದರೆ ಅದು ಸುಮ್ಮನಿರುತ್ತದೆಯೇ? ಅರ್ಧ ದಾರಿಯಲ್ಲಿ ಡಬ್ಬಿ ಢಂ ಎಂದಿತು. ಮುಚ್ಚಳ ಬಸ್ಸಿನ ಮಾಳಿಗೆಗೆ ಬಡಿದು, ಮೆಣಸಿನಕಾಯಿ ಚೀಲದ ಮೇಲೆ ಬಿತ್ತು. ಅರ್ಧ ಬಸ್ಸು ಸೀಟಿನ ಕೆಳಗೆ ಹೋಯಿತು.

ಕಂಡಕ್ಟರ್ ಓಡಿ ಬಂದ. "ಏನ್ ಒಯ್ಯಾಕತ್ತೀರಿ ಕಾಕಾ, ಗರ್ನಾಲ?"

"ಅಲ್ರಿ, ಬರ್ಫ."

"ಬರ್ಫ ಢಂ ಅಂತೈತೇನ್ರಿ? ಇಳೀರಿ ಕೆಳಗ!"

ಉಳಿದ ದಾರಿ ಮಾವ ನಡೆದ. ಮನೆ ಮುಟ್ಟುವುದರೊಳಗೆ ಉಳಿದ ಚೂರೂ ಗಾಳಿಪಾಲಾಗಿತ್ತು. ಅತ್ತಿ ಕೈ ಒರೆಸಿಕೊಂಡು ಬಂದು ಡಬ್ಬಿಯಲ್ಲಿ ಇಣುಕಿ, "ಏನೈತ್ರಿ ಇದರಾಗ?" ಎಂದಳು.

ಮಾವ, "ಇತ್ತು" ಎಂದ.

ಈ ಮಾತನ್ನು ಹೇಳಿ ನಾವೆಲ್ಲ ಎಷ್ಟೋ ಮದುವೆಗಳಲ್ಲಿ ಹೊಟ್ಟೆ ಹಿಡಿದು ನಕ್ಕಿದ್ದೇವೆ. ಈಗ ನಾನು ಅದನ್ನು ಹೇಳುವುದು ಬಿಟ್ಟಿದ್ದೇನೆ.

ಒಣ ಬರ್ಫದ ವಿಷಯದಲ್ಲಿ ಮಾವ ಹೀಗೆ ಒಂದೊಂದು ಪೆಟ್ಟಿಗೆ ಒಂದೊಂದು ಪಾಠ ಕಲಿತ. ಕಲಿತದ್ದನ್ನು ತಲೆಯಲ್ಲಿ ಇಟ್ಟುಕೊಳ್ಳಬೇಕೋ ಬೇಡವೋ? ಮದುವೆಗೆ ಬಂದವರಿಗೆಲ್ಲ ಉಣಬಡಿಸುತ್ತಿದ್ದ. "ಬರೀ ಕೈಲೆ ಮುಟ್ಟಬ್ಯಾಡ್ರಿ, ಡಬ್ಬಿ ಬಾಯಿ ಬಿಗೀಬ್ಯಾಡ್ರಿ, ಮುಚ್ಚಿದ ಗಾಡ್ಯಾಗ ಕಿಡಕಿ ಹಾಕ್ಕೊಂಡು ಒಯ್ಯಬ್ಯಾಡ್ರಿ, ಉಸಿರು ಕಟ್ಟತೈತಿ!" ಐಸ್‌ಕ್ರೀಮು, ಔಷಧ, ಮೀನು, ಎಲ್ಲವನ್ನೂ ಇದರಲ್ಲೇ ದೂರ ದೂರ ಕಳಿಸುತ್ತಾರೆಂದು ಹೇಳುವಾಗ, ಅವನ್ನೆಲ್ಲ ತಾನೇ ಹೊತ್ತು ಮುಟ್ಟಿಸಿ ಬಂದವನ ಹಾಗೆ ಬೆವರು ಒರೆಸಿಕೊಳ್ಳುತ್ತಿದ್ದ.

ಮೊರಬದ ಒಂದು ಮದುವೆಯಲ್ಲಿ ಮಾತು ಸಾಲದೆ ಮಾಡಿಯೇ ತೋರಿಸಲು ಹೋದ. ಈ ಗಾಳಿ ನಮ್ಮ ಗಾಳಿಗಿಂತ ಭಾರ, ನೀರಿನ ಹಾಗೆ ಸುರುವಬಹುದು, ಬೆಂಕಿ ಅದರಲ್ಲಿ ಬದುಕುವುದಿಲ್ಲ. ಇಷ್ಟನ್ನು ತೋರಿಸಬೇಕು. ಒಂದು ಚರಿಗೆಯಲ್ಲಿ ಬರ್ಫದ ಚೂರು ಹಾಕಿಟ್ಟು, ಚರಿಗೆ ತುಂಬ ಕಾಣದ ಗಾಳಿ ತುಂಬಿಕೊಂಡ. "ನೋಡ್ರಿ, ಚರಗ್ಯಾಗ ಏನೂ ಇಲ್ಲ. ಈಗ ದೀಪದ ಮ್ಯಾಲೆ ಸುರೂತೀನಿ" ಎಂದು ಬಗ್ಗಿಸಿದ. ದೀಪ ಫಕ್ಕನೆ ಆರಿತು! ಚಪ್ಪಾಳೆ ಬೀಳಬೇಕಿತ್ತು. ಬಿದ್ದದ್ದು ಕೋಲು. ಯಾಕೆಂದರೆ ಮಾವ ಆರಿಸಿದ್ದು ಹಂದರದಲ್ಲಿ ಮದುಮಗಳ ಮುಂದೆ ಹಚ್ಚಿಟ್ಟ ಸಮೆ ದೀಪ! ಮದುಮಗಳ ಅಜ್ಜಿ ಊರುಗೋಲು ಎತ್ತಿಕೊಂಡೇ ಬಂದಳು.

"ಶುಭ ಕಾರ್ಯದಾಗ ದೀಪ ಶಾಂತ ಮಾಡಿದ್ಯಾ, ನಿನ್ನ ಹೊಗಿ ಹಾಳಾಗ!"

"ಆಯಿ, ದೀಪ ನಾ ಆರಿಸಿಲ್ಲ, ಗಾಳಿ ಆರಿಸೈತಿ!"

"ಗಾಳಿಗೆ ಹೊಡಿಯಾಕ ಬರೂದಿಲ್ಲ, ನಿನಗ ಬರತೈತಿ!"

ಬೆನ್ನಿನ ಬಾಸುಂಡೆ ಮಾತ್ರ ಮಾವ ಯಾರಿಗೂ ತೋರಿಸಲಿಲ್ಲ.

ಈಗ ಜೋಳದ ಮಾತಿಗೆ ಬರುತ್ತೇನೆ. ಅತ್ತಿಯ ತವರು ಮೊರಬ. ಮದುವೆಯಾಗಿ ಬರುವಾಗ ಅವಳ ಅವ್ವ ಉಡಿ ತುಂಬುವ ಅಕ್ಕಿಯ ಜೊತೆ ತನ್ನ ಹೊಲದ ಸೀತನಿ ಜೋಳವನ್ನು ಒಂದು ಬೊಗಸೆ ಹಾಕಿದ್ದಳಂತೆ. ಸೀತನಿ ಎಂದರೆ ಗೊತ್ತಲ್ಲ? ಚಳಿಗಾಲದಲ್ಲಿ ಜೋಳದ ಎಳೆ ತೆನೆಯನ್ನು ಹೊಲದಲ್ಲೇ ಕುಳ್ಳಿನ ಕೆಂಡದಲ್ಲಿ ಸುಟ್ಟು, ಬಡಿದು, ಹಸಿರು ಕಾಳನ್ನು ಅಲ್ಲೇ ಬಿಸಿಬಿಸಿ ಮುಕ್ಕುವುದು. ಜೊತೆಗೆ ಶೇಂಗಾ ಚಟ್ನಿ, ಬೆಲ್ಲ. ಎಲ್ಲ ಜೋಳವೂ ಸೀತನಿಗೆ ಆಗುವುದಿಲ್ಲ. ಅತ್ತಿಯ ಜೋಳದ ಕಾಳು ಹಾಲು ತುಂಬಿದಾಗ ಸಕ್ಕರೆ ಬೆರೆಸಿದ ಹಾಗೆ ಇರುತ್ತಿತ್ತು. ಪ್ರತಿ ಹಿಂಗಾರಿಗೆ ಹೊಲದ ಅಂಚಿಗೆ ಎರಡು ಸಾಲು ಅದನ್ನೇ ಹಾಕಿ, ಒಳ್ಳೆಯ ತೆನೆ ಬಿಟ್ಟು ಬಲಿಸಿ, ಬೂದಿ ಬೆರೆಸಿ ಗಡಿಗೆಯಲ್ಲಿ ತುಂಬಿಡುತ್ತಿದ್ದಳು. ಅಷ್ಟೂ ವರ್ಷ ಆ ಬೀಜ ಅವಳ ಕೈ ಬಿಟ್ಟು ಇನ್ನೊಬ್ಬರ ಕೈಗೆ ಹೋಗಿರಲಿಲ್ಲ.

ಸೀತನಿಯ ದಿನಗಳಲ್ಲೇ ನಮ್ಮ ಧಂದೆಯ ಓಡಾಟ. ಮಾವ ಯಾವುದೋ ಊರಿನಲ್ಲಿ ನೀರು ಕಾಯಿಸುತ್ತ ಕೂತಿರುತ್ತಿದ್ದ, ಅತ್ತಿಯ ಫೋನು ಬರುತ್ತಿತ್ತು. ಹೊಲದಲ್ಲಿ ನಿಂತು ಮಾತಾಡುವವರು ಗಾಳಿಗೆ ಜೋರಾಗಿ ಕೂಗುತ್ತಾರೆ, ನಮಗೆಲ್ಲ ಕೇಳಿಸುತ್ತಿತ್ತು.

"ಸೀತನಿ ಆರಿ ಹೊಂಟೈತ್ರೀ, ಲಗೂ ಬರ್ರಿ!"

"ಈ ವರ್ಷ ಆಗೂದಿಲ್ಲ ಬೇ. ಮುಂದಿನ ವರ್ಷ ಕುಂತು ತಿನ್ನೂಣು."

ಸಂಜೆ ಮನೆಗೆ ಹೋದರೆ ಬಟ್ಟೆಯ ಗಂಟಿನಲ್ಲಿ ಅವನ ಪಾಲು ಇರುತ್ತಿತ್ತು. ಅಷ್ಟರಲ್ಲಿ ಅದು ಆರಿ, ಗಟ್ಟಿಯಾಗಿ, ಬರೀ ಬೆಂದ ಜೋಳವಾಗಿರುತ್ತಿತ್ತು. ಮಾವ ಅಗಿಯುತ್ತ, "ಇದರಾಗೇನೈತಿ ಅಂತ ಇಷ್ಟ ಕುಣಿತಿ?" ಎನ್ನುತ್ತಿದ್ದ. ಅತ್ತಿ, "ಆರಿದ್ದು ತಿಂದು ಮಾತಾಡಬ್ಯಾಡ್ರಿ" ಎನ್ನುತ್ತಿದ್ದಳು. ಪ್ರತಿ ವರ್ಷ ಇದೇ ಜಗಳ, ಇದೇ ಮಾತು. ಹಬ್ಬದ ಹಾಗೆ ತಪ್ಪದೆ ಬರುತ್ತಿತ್ತು.

ಒಂದು ಮಳೆಗಾಲ ಅತ್ತಿ ಜ್ವರ ಎಂದು ಮಲಗಿದಳು. ಏಳಲಿಲ್ಲ.

ಹಿಂಗಾರಿ ಬಂತು. ಹೊಲದ ತುಂಬ ಕಡಲೆ ಬಿತ್ತಿದ ಮಾವ ಆ ಎರಡು ಸಾಲನ್ನು ಖಾಲಿ ಬಿಟ್ಟ. ಗಡಿಗೆಗೆ ಕೈ ಹಾಕಲಿಲ್ಲ. ಮುಂದಿನ ಬೇಸಿಗೆಯಲ್ಲಿ ಗಡಿಗೆಯ ಬುಡದಲ್ಲಿ ಹಿಟ್ಟು ಉದುರಿದ್ದು ಕಾಣಿಸಿತು. ನುಸಿ! ಅತ್ತಿ ಬೂದಿಗೆ ಏನೇನು ಬೆರೆಸುತ್ತಿದ್ದಳೋ, ಯಾವ ಬಿಸಿಲಿಗೆ ಎಷ್ಟು ಒಣಗಿಸುತ್ತಿದ್ದಳೋ, ಮಾವ ಒಂದು ದಿನವೂ ಕೇಳಿದವನಲ್ಲ. ಕಾಳು ಹೊರಗೆ ಸುರಿದು, ಅಂಗಳದಲ್ಲಿ ಕೂತು ಒಂದೊಂದೇ ನುಸಿ ಹೆಕ್ಕುತ್ತಿದ್ದವನನ್ನು ನಾನೇ ನೋಡಿದೆ. "ಔಷಧ ಹಾಕು ಮಾವಾ" ಎಂದೆ. "ವಿಷ ಹಾಕಲೇನಲೇ ಆಕಿ ಜ್ವಾಳಕ್ಕ?" ಎಂದು ನನ್ನ ಮೇಲೆಯೇ ಹಾಯ್ದ.

ಆಗ ಅವನಿಗೆ ಮದುವೆಯಲ್ಲಿ ಆರಿದ ಆ ದೀಪ ನೆನಪಾಯಿತು. ದೀಪ ಬದುಕದ ಗಾಳಿಯಲ್ಲಿ ನುಸಿ ಬದುಕೀತೇ? ಪ್ಲಾಸ್ಟಿಕ್ ಡ್ರಮ್ಮು ತಂದ. ಬುಡದಲ್ಲಿ ಒಣ ಬರ್ಫದ ಗಡ್ಡೆ ಇಟ್ಟು, ಮೇಲೆ ಜೋಳ ಸುರಿದು, ಮುಚ್ಚಳ ಸಡಿಲಾಗಿ ಇಟ್ಟ. ಬಸ್ಸಿನ ಪಾಠ ನೆನಪಿತ್ತು, ಪುಣ್ಯ! ಬರ್ಫವೆಲ್ಲ ಗಾಳಿಯಾಗಿ ಡ್ರಮ್ಮು ತುಂಬಿದ ಮೇಲೆ ಬಿಗಿಯಾಗಿ ಮುಚ್ಚಿದ. ಕೆಲವು ದಿನ ಬಿಟ್ಟು ತೆಗೆದರೆ ಒಂದೇ ಒಂದು ನುಸಿ ಮಿಸುಕುತ್ತಿರಲಿಲ್ಲ! ಮಾವನ ಕೀರ್ತಿ ಊರೆಲ್ಲ ಹಬ್ಬಿತು. ಹೆಣ್ಣುಮಕ್ಕಳು ಡಬ್ಬಿ ಹೊತ್ತು ಸಾಲುಗಟ್ಟಿದರು. "ಕಾಕಾರ, ನಮ್ಮ ಹೆಸರಕಾಳಿಗೂ ಒಂಚೂರ ಹೊಗಿ ಹಾಕಿಕೊಡ್ರಿ." ಒಬ್ಬಾಕೆ, "ನಮ್ಮ ಅತ್ತಿ ಬಾಯಿಗೂ ಏನರ ಬಂದೋಬಸ್ತ ಆಗತೈತೇನ್ರಿ ಇದರಾಗ?" ಎಂದು ಕೇಳಿಯೂ ಬಿಟ್ಟಳು!

ಊರಿನ ಕಾಳಿಗೆಲ್ಲ ಮಾವ ಒಮ್ಮೆ ಹಾಕಿ ಮುಚ್ಚಿ ಕಳಿಸುತ್ತಿದ್ದ. ಅತ್ತಿಯ ಜೋಳಕ್ಕೆ ಮಾತ್ರ ಹಾಗಲ್ಲ. ಅದನ್ನು ನೋಡದೆ ಅವನಿಗೆ ಇರಲಾಗುತ್ತಿರಲಿಲ್ಲ. ಅಮಾವಾಸ್ಯೆಗೊಮ್ಮೆ ಹೊಸ ಗಡ್ಡೆ ಹಾಕುವುದು, ಮರುದಿನವೇ ಮುಚ್ಚಳ ತೆಗೆಯುವುದು. ತಣ್ಣಗೆ ಕೊರೆಯುವ ಕಾಳಿನಲ್ಲಿ ಮೊಳಕೈವರೆಗೆ ಕೈ ಇಳಿಸುವುದು, ಮೇಲೆ ಕೆಳಗೆ ಮಾಡುವುದು, ಮತ್ತೆ ಮುಚ್ಚುವುದು. ಮಳೆಗಾಲದಲ್ಲೂ ಇದೇ ಪೂಜೆ.

ನಾನು ಕೇಳಿದೆ: "ಮಾವಾ, ಈ ಹಿಂಗಾರಿಗರ ಬಿತ್ತೂದಿಲ್ಲೇನು?"

"ಮುಂದಿನ ವರ್ಷ ನೋಡೂಣಲೇ."

"ಹ್ವಾದ ವರ್ಷಾನೂ ಹಿಂಗ ಅಂದಿ."

"ಮಣ್ಣಾಗ ಹಾಕಿದ್ರ ಏನ್ ಗ್ಯಾರಂಟಿ? ಮಳಿ ಬಿಡಬಹುದು, ಹಕ್ಕಿ ತಿನ್ನಬಹುದು. ಡ್ರಮ್ಮಿನಾಗ ಆರಾಮ ಐತಿ. ಇರಲಿ."

ಬಿತ್ತದೆ ಎಷ್ಟು ಹಿಂಗಾರಿ ಹೋದವೋ! ಆ ಜೋಳ ಅತ್ತಿಯ ಕೈ ಮುಟ್ಟಿದ ಕೊನೆಯ ಜೋಳ ಎಂಬುದು ನನಗೂ ಗೊತ್ತಿತ್ತು. ಅದಕ್ಕೇ ಹೆಚ್ಚು ಕೇಳುತ್ತಿರಲಿಲ್ಲ.

ಆ ಡ್ರಮ್ಮಿನ ಗುಟ್ಟು ಬಯಲಾದದ್ದು ಸಂಶಿಯ ಒಂದು ಮದುವೆಯಲ್ಲಿ. ಬಿಸಿಲು ಸುರಿಯುತ್ತಿತ್ತು. ಮದುಮಗ ಮೋಡದ ಮೇಲೆ ತೇಲುತ್ತ ಬಂದು ವೇದಿಕೆ ಹತ್ತಿದ್ದ, ಮದುಮಗಳು ಬರುವುದಿತ್ತು. ಯಾರೋ ಮಾವನ ಕೈಗೆ ತಣ್ಣನೆಯ ಶರಬತ್ತಿನ ಬಾಟಲಿ ಕೊಟ್ಟರು. ಅದು ಬೆವರಿತ್ತು. ಮಾವ ಹೆಗಲ ವಲ್ಲಿಯಿಂದ ಒರೆಸಿದ. ನೋಡನೋಡುತ್ತ ಮತ್ತೆ ಬೆವರಿತು. ಮತ್ತೆ ಒರೆಸಿದ, ಮತ್ತೆ ಬೆವರಿತು. ತಣ್ಣಗಿದ್ದದ್ದರ ಮೇಲೆ ಹೊರಗಿನ ಗಾಳಿ ಬಿದ್ದರೆ ನೀರು ಕೂಡುತ್ತದೆ! ಮುಚ್ಚಳ ತೆಗೆದಾಗಲೆಲ್ಲ ಅತ್ತಿಯ ಕೊರೆಯುವ ಕಾಳಿನ ಮೇಲೂ ಹಾಗೇ ನೀರು ಕೂಡಿರಬೇಕಲ್ಲ? ಮಾವನಿಗೆ ಆಗ ಹೊಳೆಯಿತು. ಬಾಟಲಿಯನ್ನು ನೆಲಕ್ಕಿಟ್ಟು, ಹೊಗೆಯ ಡ್ರಮ್ಮು ಬಿಟ್ಟು, ಚಪ್ಪಲಿ ಕೂಡ ಹಾಕಿಕೊಳ್ಳದೆ ಬಸ್‌ಸ್ಟ್ಯಾಂಡಿನ ಕಡೆ ಓಡಿದ. ಇತ್ತ ಹೊಗೆ ನಿಂತುಹೋಗಿ, ಮೋಡದ ಮೇಲೆ ಬರಬೇಕಾದ ಮದುಮಗಳು ಬರೀ ಫರಸಿಕಲ್ಲಿನ ಮೇಲೆ ಬಂದಳು. ಹುಡುಗಿಯ ಅಣ್ಣ ನನ್ನ ಅಂಗಿ ಹಿಡಿದು, "ಮಾಡ ಎಲ್ಲಿ ಹೋತ್ರಿ?" ಎಂದ. "ಮಳಿ ಆಗಿ ಹೋತಪಾ" ಎಂದು ಕೈ ಮುಗಿದು, ಬಿದಿರು ಬಿಚ್ಚುವುದನ್ನು ಹುಡುಗರಿಗೆ ಹೇಳಿ ನಾನೂ ಕುಬಿಹಾಳಕ್ಕೆ ಓಡಿದೆ.

ಮಾವ ಡ್ರಮ್ಮಿನ ಮುಂದೆ ಕೂತಿದ್ದ. ಮೇಲಿನ ಕಾಳು ನೋಡಲು ಚೆನ್ನಾಗಿಯೇ ಇತ್ತು. ತಳದ ಕಾಳು ತೆಗೆದರೆ ಬೂಸಲು ಹಿಡಿದಿತ್ತು. ಅತ್ತಿ ಮಾಡುತ್ತಿದ್ದ ಹಾಗೆ ಒಂದು ಹಿಡಿ ಕಾಳನ್ನು ಹಸಿ ಬಟ್ಟೆಯಲ್ಲಿ ಕಟ್ಟಿಟ್ಟು, ಮೊಳಕೆ ನೋಡಿದೆವು. ಎರಡು ದಿನ ಬಿಟ್ಟು ಬಟ್ಟೆ ಬಿಚ್ಚಿದಾಗ ಹುಳಿ ವಾಸನೆ ಬಂತು. ಬಿಳಿ ಎಳೆ ಒಡೆದ ಕಾಳು ಅಲ್ಲೊಂದು ಇಲ್ಲೊಂದು.

"ನುಸಿ ಸಾಯ್ಲಿ ಅಂತ ಮಾಡಿದ್ನೆಲೇ ಅಳ್ಯಾ" ಎಂದ ಮಾವ.

"ಎಲ್ಲಾ ಸತ್ತಿಲ್ಲ ಮಾವಾ. ನೋಡಿಲ್ಲೆ, ಇದು ಒಡದೈತಿ."

"ಮುಚ್ಚಿ ಬಿಟ್ಟಿದ್ರ ಇರ್ತಿತ್ತು. ಆಕಿ ಇದ್ದಾಗ ಒಂದಿನ ತಿರಗಿ ನೋಡಲಿಲ್ಲ. ಹ್ವಾದ ಮ್ಯಾಲೆ ನೋಡಿ ನೋಡಿ ಕೆಡಿಸಿದೆ."

ನಾನು ಒಳಗೆ ಹೋಗಿ ಚಹಾ ಮಾಡಿಕೊಟ್ಟೆ. ಮಾವ ಬಿಸಿ ಲೋಟವನ್ನು ಆ ಅರಿವಿಲ್ಲದ ಬೆರಳುಗಳಲ್ಲಿ ಹಿಡಿದುಕೊಂಡೇ ಇದ್ದ, ಕುಡಿಯಲಿಲ್ಲ.

ಆ ಹಿಂಗಾರಿಗೆ ಮಾವ ಉಳಿದ ಕಾಳನ್ನೆಲ್ಲ ಆ ಎರಡು ಸಾಲಿಗೆ ಹಾಕಿದ. ಕೂರಿಗೆ ಹಚ್ಚಲಿಲ್ಲ, ಕೈಯಿಂದಲೇ ಊರಿದ. ಸಾಲು ತುಂಬ ಬಿತ್ತಿದ್ದಕ್ಕೆ ಎದ್ದದ್ದು ಅಲ್ಲೊಂದು ಇಲ್ಲೊಂದು ಗಿಡ. ಮುದುಕನ ಬಾಯಿಯ ಹಲ್ಲಿನ ಹಾಗೆ! ಆ ಗಿಡಗಳಿಗೆ ಮಾವ ಮಾಡಿದ ಸೇವೆಯನ್ನು ಬಾಣಂತಿಗೂ ಯಾರೂ ಮಾಡುವುದಿಲ್ಲ. ತೆನೆ ಹಾಲು ತುಂಬುವಾಗ ಹಕ್ಕಿ ಬರತೊಡಗಿದವು. ಹಳೆಯ ಚಾಳಿ ಹೋದೀತೇ? ಕೊನೆಯ ಸಲ ಎಂದು ಹುಬ್ಬಳ್ಳಿಯಿಂದ ಗಡ್ಡೆ ತಂದು, ಹೊಲದ ನಡುವೆ ಬಿಸಿನೀರಿಗೆ ಹಾಕಿದ. ಹಕ್ಕಿ ಹೆದರಲಿಲ್ಲ, ಜನ ಹೆದರಿದರು! ದೂರದಿಂದ ಹೊಗೆ ಕಂಡು "ಬಣವಿಗೆ ಬೆಂಕಿ ಬಿತ್ತು" ಎಂದು ಅರ್ಧ ಊರು ಕೊಡ ಹೊತ್ತು ಓಡಿ ಬಂತು. ಎಲ್ಲರಿಗಿಂತ ಮುಂದೆ ಬಾಜು ಮನೆಯ ಕುರಿಗಾರ.

"ಬೆಂಕಿ ಎಲ್ಲೈತೋ?"

"ಬೆಂಕಿ ಅಲ್ಲೋ, ಬರ್ಫ."

ಕುರಿಗಾರ ಕೊಡ ಇಳಿಸಿ ಏದುಸಿರು ಬಿಡುತ್ತ, "ಮತ್ತ ಕಳುವಾಗೂದಕ್ಕಿಂತ ಮೊದಲ ಎಲ್ಲಾರಿಗೂ ತೋರಿಸಿಬಿಡು. ಆಮ್ಯಾಲೆ ನನ್ನ ಹೆಸರು ಹೇಳಬ್ಯಾಡ" ಎಂದ. ಹೋಗುವ ಮೊದಲು ಹೊತ್ತು ತಂದ ನೀರನ್ನು ಸೀತನಿ ಗಿಡಗಳ ಬುಡಕ್ಕೆ ಸುರಿದು ಹೋದ. ಅವತ್ತಿನಿಂದ ಕುರಿಗಳನ್ನು ಆ ಅಂಚಿನ ಕಡೆ ಹಾಯಿಸಲಿಲ್ಲ. ಮಾವ ಕವಣೆ ಹಿಡಿದು ಹೊಲದಲ್ಲೇ ಕೂತ. ಒಣ ಬರ್ಫ ಸಾಕು ಎಂದುಬಿಟ್ಟ. ಮದುವೆಗಳಿಗೆ ನಾನೊಂದು ಹೊಗೆಯ ಮಶೀನು ಕೊಂಡುಕೊಂಡೆ. ಅದಕ್ಕೆ ಗುಂಡಿ ಒತ್ತಿದರೆ ಸಾಕು. ಅದು ಯಾರಿಗೂ ಉಪದೇಶ ಮಾಡುವುದಿಲ್ಲ, ಯಾರಿಂದಲೂ ಬೈಸಿಕೊಳ್ಳುವುದಿಲ್ಲ. ಅದರ ಪಕ್ಕದಲ್ಲಿ ನಿಂತರೆ ಮದುವೆ ಭಣಭಣ ಎನಿಸುತ್ತದೆ.

ಮೊನ್ನೆ, ಅದೇ ಚಳಿಗಾಲದ ಮಾತು. ಮೊರಬದಲ್ಲಿ ದೊಡ್ಡ ಪೆಂಡಾಲ, ಅರ್ಧ ಕಟ್ಟಿದ್ದೆವು. ನಾನು ಏಣಿಯ ಮೇಲೆ ಹಗ್ಗ ಹಿಡಿದು ನಿಂತಿದ್ದಾಗ ಫೋನು ಬಂತು. ಕಿವಿಗೆ ಹಚ್ಚುವ ಮೊದಲೇ ಗಾಳಿಯ ಸದ್ದು, ಅದರೊಳಗಿಂದ ಮಾವನ ಕೂಗು.

"ಅಳ್ಯಾ, ಸೀತನಿ ಆರಿ ಹೊಂಟೈತಿ, ಲಗೂ ಬಾ!"

ಈ ವರ್ಷ ಆಗೂದಿಲ್ಲ ಮಾವಾ ಎಂಬ ಮಾತು ನಾಲಿಗೆಯ ತುದಿಗೆ ಬಂದಿತ್ತು. ಆ ಮಾತನ್ನು ನಾನು ಎಲ್ಲಿ ಕೇಳಿದ್ದೆ ಎಂಬುದೂ ಅದರ ಬೆನ್ನಿಗೇ ಬಂತು. ಹಗ್ಗವನ್ನು ಕೆಳಗಿದ್ದವನ ಕೈಗೆ ಕೊಟ್ಟು ಮೋಟರ್‌ಸೈಕಲ್ ಹತ್ತಿದೆ. ನನ್ನ ಧಂದೆಯಲ್ಲಿ ಅರ್ಧ ಪೆಂಡಾಲ ಬಿಟ್ಟು ಹೋದದ್ದು ಅದೇ ಮೊದಲು.

ಹೊಲದ ಅಂಚಿನಲ್ಲಿ ಸಣ್ಣ ಕುಣಿ ತೋಡಿ ಕುಳ್ಳು ಹಚ್ಚಿದ್ದ. ಉಳಿದ ತೆನೆಗಳನ್ನೆಲ್ಲ ಬೀಜಕ್ಕೆಂದು ಗಿಡದಲ್ಲೇ ಬಿಟ್ಟು, ಸುಡಲು ಒಂದೆರಡನ್ನಷ್ಟೇ ಮುರಿದಿದ್ದ. ತಾನಿನ್ನೂ ಬಾಯಿಗೆ ಹಾಕಿರಲಿಲ್ಲ. ನನ್ನನ್ನು ಕಂಡವನೇ ಕೆಂಡದಿಂದ ತೆನೆ ಎತ್ತಿ, ಗೋಣಿಯ ಮೇಲೆ ಇಟ್ಟು ಬಡಿದು, ಊದಿ, ಮೂರು ಮುತ್ತಲೆಲೆಗಳ ಮೇಲೆ ಹಾಕಿದ. ಮೂರನೆಯ ಎಲೆಯನ್ನು ತನ್ನ ಬಾಜು ಇಟ್ಟುಕೊಂಡ.

ಮಾವ ಒಂದು ಮುಕ್ಕು ಬಾಯಿಗೆ ಹಾಕಿದ. ಬೆರಳಿಗೆ ತಿಳಿಯದ ಬಿಸಿ ನಾಲಿಗೆಗೆ ಹತ್ತಿತು. ಬಾಯಿ ತೆರೆದು ಹಾ ಹಾ ಎಂದ, ಕಣ್ಣಲ್ಲಿ ನೀರು ಬಂತು. ಆದರೂ ಉಗುಳಲಿಲ್ಲ. ಅಗಿದ. ಬಹಳ ಹೊತ್ತು ಅಗಿದ.

"ಹೆಂಗ ಐತಿ ಮಾವಾ?"

"ಇದು ಇಷ್ಟ ಬಿಸಿ ಇರತೈತಿ ಅಂತ ನನಗ ಗೊತ್ತ ಇರಲಿಲ್ಲಲೇ" ಎಂದ.

ಹೊಲದ ಮೇಲಿಂದ ತಣ್ಣನೆಯ ಗಾಳಿ ಬೀಸಿತು. ಮೂರನೆಯ ಎಲೆಯ ಮೇಲಿನ ಹಸಿರು ಕಾಳಿನಿಂದ ಇನ್ನೂ ತೆಳ್ಳಗೆ ಹಬೆ ಏಳುತ್ತಿತ್ತು. ಮಾವ ಹೆಗಲ ಮೇಲಿನ ವಲ್ಲಿ ತೆಗೆದು, ನಾಲ್ಕು ಮಡಿಕೆ ಮಾಡಿ, ಅದರ ಮೇಲೆ ಮುಚ್ಚಿದ.